ಐದಡಿಯ ಅಳತೆಗೆ ಹೊಸ ಫ್ಯಾಷನ್



ಮಂಗಳೂರಿಗೆ ಎತ್ತರದ ಚೆಲುವೆಯರ ಊರು ಎಂಬ ಹೆಸರು ಬಿದ್ದಿದೆ. 1994ರಲ್ಲಿ ವಿಶ್ವಸುಂದರಿಯಾದ ಐಶ್ವರ್ಯಾ ರೈ ಹುಟ್ಟಿದ್ದು ಇಲ್ಲಿ. ಶಿಲ್ಪಾ ಶೆಟ್ಟಿ ಹುಟ್ಟಿದ್ದೂ ಇಲ್ಲೇ. 2016ರಲ್ಲಿ ಮಿಸ್ ಸುಪ್ರಾನ್ಯಾಷನಲ್ ಕಿರೀಟ ಗೆದ್ದ ಶ್ರೀನಿಧಿ ಶೆಟ್ಟಿ ನಮ್ಮ ಕಿನ್ನಿಗೋಳಿ ಕಡೆಯವರು. ಹಾಗಾಗಿ ಪರವೂರಿನವರು ‘ಮಂಗಳೂರಿನ ಹುಡುಗಿ’ ಎಂದಾಕ್ಷಣ ಒಂದು ಉದ್ದನೆಯ, ತೆಳ್ಳನೆಯ ಆಕೃತಿಯನ್ನು ಮನಸ್ಸಿಗೆ ತಂದುಕೊಳ್ಳುತ್ತಾರೆ.

ಸಂಜೆ ಐದೂವರೆಗೆ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತರೆ ಕಾಣುವ ಚಿತ್ರ ಬೇರೆ. ಸುರತ್ಕಲ್, ತಲಪಾಡಿ, ಬಜ್ಪೆ ಬಸ್ಸು ಹತ್ತುವ ಟೀಚರುಗಳು, ನರ್ಸುಗಳು, ಬ್ಯಾಂಕಿನವರು, ಬಟ್ಟೆ ಅಂಗಡಿಯ ಹುಡುಗಿಯರು – ಇವರಲ್ಲಿ ಎಷ್ಟೋ ಮಂದಿಗೆ ಬಸ್ಸಿನ ಮೇಲಿನ ಸರಳು ಸರಿಯಾಗಿ ಎಟಕುವುದಿಲ್ಲ. ಸೀಟಿನ ಬೆನ್ನು ಹಿಡಿದೇ ಮನೆ ಸೇರುವವರು ಅವರು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಭಾರತದ ಮಹಿಳೆಯ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ 5 ಅಡಿ. ಗಿಡ್ಡ ಎಂದು ನಾವು ಯಾರನ್ನು ಕರೆಯುತ್ತೇವೋ ಅವರೇ ಇಲ್ಲಿ ಬಹುಸಂಖ್ಯಾತರು. ನಾನೂ ಅವರಲ್ಲೊಬ್ಬಳು ಎಂದು ಬೇರೆ ಹೇಳಬೇಕಾಗಿಲ್ಲ.

ಪಾಶ್ಚಾತ್ಯ ಸಿದ್ಧಉಡುಪಿನ ವ್ಯಾಪಾರದಲ್ಲಿ 5 ಅಡಿ 4 ಇಂಚು ಮತ್ತು ಅದಕ್ಕಿಂತ ಕೆಳಗಿನವರಿಗೆ ‘ಪೆಟೀಟ್’ ಎಂಬ ಪ್ರತ್ಯೇಕ ವಿಭಾಗವೇ ಇದೆ. ಆ ಗೆರೆಯನ್ನು ಹಂಪನಕಟ್ಟೆಯಲ್ಲಿ ಎಳೆದರೆ ನಡೆದು ಹೋಗುವ ಹೆಂಗಸರಲ್ಲಿ ಬಹುಪಾಲು ಅದರ ಕೆಳಗೇ ಬಂದಾರು. ಆದರೆ ನಮ್ಮ ಮಾಲ್‌ಗಳಲ್ಲಿ ಅಂಥ ವಿಭಾಗ ಹುಡುಕಿದರೂ ಸಿಗುವುದು ಕಷ್ಟ. ಇರುವುದು ಎಸ್, ಎಂ, ಎಲ್. ಇಲ್ಲೇ ಬಹಳ ಮಂದಿ ಮೋಸ ಹೋಗುವುದು. ಎಸ್ ಎಂದರೆ ಸುತ್ತಳತೆ ಸಣ್ಣದು ಎಂದರ್ಥ, ಉದ್ದ ಕಡಿಮೆ ಎಂದಲ್ಲ. 5 ಅಡಿ 6 ಇಂಚಿನ ತೆಳ್ಳಗಿನ ಹುಡುಗಿಗೂ ಎಸ್, 4 ಅಡಿ 11 ಇಂಚಿನ ತೆಳ್ಳಗಿನ ಹುಡುಗಿಗೂ ಎಸ್. ಮೊದಲಿನವಳ ಮೀನಖಂಡದ ನಡುವಿಗೆ ಬಂದು ನಿಲ್ಲುವ 46 ಇಂಚಿನ ಕುರ್ತಿ ಎರಡನೆಯವಳ ಕಾಲಗಂಟಿನ ತನಕ ಇಳಿಯುತ್ತದೆ. ಮನೆಗೆ ಬಂದು ಹಾಕಿ ನೋಡಿದಾಗ ಅಕ್ಕನೋ ತಂಗಿಯೋ ಹೇಳುವ ಮಾತು ನಿಮಗೆ ಗೊತ್ತೇ ಇದೆ: “ಎಂತ ಮಾರಾಯ್ತಿ, ಅಮ್ಮನ ಅಂಗಿ ಹಾಕಿದ ಹಾಗೆ ಉಂಟು!”

ಈ ಅಳತೆಗಳು ಬಂದದ್ದಾದರೂ ಎಲ್ಲಿಂದ? ಸಿದ್ಧಉಡುಪಿನ ಅಳತೆಪಟ್ಟಿ ಮೊದಲು ಬೆಳೆದದ್ದು ಸೈನಿಕರ ಸಮವಸ್ತ್ರದಿಂದ. ಸಾವಿರಾರು ಜನರಿಗೆ ಒಟ್ಟಿಗೆ ಹೊಲಿಯಬೇಕಾದಾಗ ಒಬ್ಬೊಬ್ಬರ ಅಳತೆ ತೆಗೆಯುತ್ತ ಕೂರಲು ಆಗುವುದಿಲ್ಲವಲ್ಲ. ಹೆಂಗಸರ ಅಳತೆಯ ದೊಡ್ಡ ಸಮೀಕ್ಷೆ ನಡೆದದ್ದು ಅಮೆರಿಕದಲ್ಲಿ, 1939–40ರಲ್ಲಿ. ಅಲ್ಲಿನ ಕೃಷಿ ಇಲಾಖೆ ಸುಮಾರು 15,000 ಮಹಿಳೆಯರ ಮೈಯಳತೆ ತೆಗೆಸಿತು. ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಮಹಿಳೆಯರನ್ನು ಮಾತ್ರ. ಆಮೇಲೆ ಅಲ್ಲಿನ ಪಟ್ಟಿಗಳು ಎಷ್ಟೋ ಸಲ ಬದಲಾದವು, ನಾವೂ ಹೊರಗಿನ ಪಟ್ಟಿಗಳನ್ನೇ ಅಷ್ಟಿಷ್ಟು ತಿದ್ದಿ ಬಳಸುತ್ತ ಬಂದೆವು. ನಮ್ಮದೇ ಮೈಯಳತೆ ತೆಗೆಯುವ ‘ಇಂಡಿಯಾ ಸೈಜ್’ ಯೋಜನೆಯನ್ನು ಕೇಂದ್ರ ಜವಳಿ ಸಚಿವಾಲಯದ ನೆರವಿನಿಂದ ನಿಫ್ಟ್ ಸಂಸ್ಥೆ ಕೈಗೆತ್ತಿಕೊಂಡದ್ದು ಇತ್ತೀಚಿನ ವರ್ಷಗಳಲ್ಲಿ. ಬೆಂಗಳೂರೂ ಸೇರಿ 6 ನಗರಗಳಲ್ಲಿ 25,000 ಮಂದಿಯನ್ನು ಸ್ಕ್ಯಾನರಿನಲ್ಲಿ ಅಳೆಯುವ ಯೋಜನೆ ಅದು. ಅದರ ಫಲ ಅಂಗಡಿಯ ಹ್ಯಾಂಗರಿನ ತನಕ ಬರುವವರೆಗೆ ನಾವು ಬರಿಮೈಯಲ್ಲಿ ಕೂರಲಿಕ್ಕಾಗುವುದಿಲ್ಲ. ನಮ್ಮ ದಾರಿ ನಾವೇ ನೋಡಿಕೊಳ್ಳಬೇಕು.

ಆ ದಾರಿ ಟೈಲರ್ ಅಂಗಡಿಯ ಮೂಲಕ ಹಾದುಹೋಗುತ್ತದೆ. ರಥಬೀದಿಯ ಹತ್ತಿರದ ಒಂದು ಓಣಿಯಲ್ಲಿ, ಎರಡು ಮಿಷನ್ನು ಇಡುವಷ್ಟೇ ಜಾಗದ ಅಂಗಡಿಯೊಂದರಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಒಬ್ಬಳು ಕಾಲೇಜು ಹುಡುಗಿ ಹೊಸ ಕುರ್ತಿ ತಂದು, “ಅಣ್ಣಾ, ಕೆಳಗೆ ಮೂರಿಂಚು ಕಟ್ ಮಾಡಿ ಕೊಡಿ” ಎಂದಳು. ಟೈಲರಣ್ಣ ಕುರ್ತಿಯನ್ನು ಅವಳ ಹೆಗಲಿಗೆ ಹಿಡಿದು ಒಂದು ಕ್ಷಣ ನೋಡಿದರು. “ಅಡಿ ಕಟ್ ಮಾಡಿದ್ರೆ ಆಗ್ಲಿಕ್ಕಿಲ್ಲ. ಇದನ್ನು ಶೋಲ್ಡರಿಂದ ಎತ್ಬೇಕು” ಎಂದರು. ಅವರು ತೋರಿಸಿದ ಮೇಲೆ ನನಗೂ ಕಂಡಿತು. ಕುರ್ತಿ ಸೊಂಟದಲ್ಲಿ ಸಪೂರ ಆಗಬೇಕಾದ ಜಾಗ ಅವಳ ಸೊಂಟಕ್ಕಿಂತ ಕೆಳಗೆ ಬಂದಿತ್ತು. ಪಕ್ಕದ ಸ್ಲಿಟ್ ತೊಡೆಯ ನಡುವಿನಿಂದ ಶುರುವಾಗುತ್ತಿತ್ತು. ಕುತ್ತಿಗೆ ಜೋತಿತ್ತು. ಕಂಕುಳಿನ ಹತ್ತಿರ ಬಟ್ಟೆ ಗುಂಪುಗೂಡಿತ್ತು. ಅಡಿ ಕತ್ತರಿಸಿದರೆ ಇವುಗಳಲ್ಲಿ ಒಂದೂ ಸರಿಹೋಗುವುದಿಲ್ಲ, ಉದ್ದ ಮಾತ್ರ ಕಡಿಮೆಯಾಗುತ್ತದೆ.

ಅವರು ಮಾಡಿದ ಕೆಲಸ ಇಷ್ಟು: ಹೆಗಲ ಹೊಲಿಗೆ ಬಿಚ್ಚಿದರು, ತೋಳು ಬಿಚ್ಚಿದರು, ಹೆಗಲಲ್ಲಿ ಮುಂದೆ ಹಿಂದೆ ಒಂದೊಂದು ಇಂಚು ಒಳಗೆ ಹಿಡಿದರು, ತೋಳನ್ನು ಸ್ವಲ್ಪ ಕಿರಿದು ಮಾಡಿ ಮತ್ತೆ ಕೂರಿಸಿದರು. ಹೆಗಲಲ್ಲಿ ಎತ್ತಿದ ಒಂದು ಇಂಚಿನಿಂದ ಕುತ್ತಿಗೆ, ಕಂಕುಳು, ಸೊಂಟ, ಸ್ಲಿಟ್ ಎಲ್ಲವೂ ಒಂದೊಂದು ಇಂಚು ಮೇಲೇರಿದವು. ಆಮೇಲೆ ಅಡಿಯಲ್ಲಿ ತೆಗೆಯಬೇಕಾದದ್ದು ಎರಡೇ ಇಂಚು. ಹುಡುಗಿ ಹಾಕಿಕೊಂಡು ಬಂದಾಗ ಅವಳೇನೂ ಎತ್ತರವಾಗಿರಲಿಲ್ಲ. ಅಂಗಿ ಅವಳದಾಗಿತ್ತು.

ಇವತ್ತು ನಾನು ಹೇಳಬೇಕೆಂದಿರುವುದೂ ಇದೇ. ಗಿಡ್ಡಗಿರುವವರಿಗೆ ಫ್ಯಾಷನ್ ಸಲಹೆ ಕೊಡುವವರು ಸಾಮಾನ್ಯವಾಗಿ ಒಂದೇ ರಾಗ ಹಾಡುತ್ತಾರೆ: ಹೀಲ್ಸ್ ಹಾಕಿ, ಉದ್ದುದ್ದ ಗೆರೆಯ ಬಟ್ಟೆ ಹಾಕಿ, ದೊಡ್ಡ ಹೂವಿನ ಪ್ರಿಂಟ್ ಬೇಡ, ಅಗಲ ಪ್ಯಾಂಟು ಬೇಡ. ಎತ್ತರ ಕಾಣಿಸುವುದೇ ಹುಟ್ಟಿದ ಉದ್ದೇಶವೋ ಎನ್ನುವ ಹಾಗೆ! ಐದಡಿಯ ಹೆಂಗಸು ಐದೂವರೆ ಅಡಿ ಇದ್ದಂತೆ ನಟಿಸಬೇಕಾದ ಅಗತ್ಯ ಎಲ್ಲಿದೆ? ಹೊಸತಾಗಿ ಬಂದ ಯಾವ ಉಡುಪನ್ನಾದರೂ ಅವಳು ಉಡಬಹುದು, ಅದರ ಗೆರೆಗಳು ಅವಳ ಮೈಯ ಸರಿಯಾದ ಜಾಗದಲ್ಲಿ ಬಂದು ನಿಲ್ಲಬೇಕು, ಅಷ್ಟೆ. ಸೊಂಟದ ಗೆರೆ ಸೊಂಟದಲ್ಲಿ, ಮೊಣಕಾಲಿನ ತಿರುವು ಮೊಣಕಾಲಿನಲ್ಲಿ, ತೋಳಿನ ತುದಿ ಮಣಿಕಟ್ಟಿನಲ್ಲಿ.

ಇನ್ನು ಋತುಮಾನದ ಮಾತು. ಫ್ಯಾಷನ್ ಲೋಕದವರು ವರ್ಷವನ್ನು ಎರಡು ಪಾಲು ಮಾಡಿದ್ದಾರೆ: ವಸಂತ–ಬೇಸಗೆ, ಶರತ್ಕಾಲ–ಚಳಿಗಾಲ. ಮಂಗಳೂರಿಗೆ ಈ ಪಂಚಾಂಗ ಹೊಂದುವುದಿಲ್ಲ. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೆ. ಉಳಿದ ತಿಂಗಳುಗಳಲ್ಲಿ ಬೆವರು. ಹಬ್ಬ, ಮದುವೆ, ನೇಮ, ಕಂಬಳ ಇವೇ ನಮ್ಮ ಸೀಸನ್ನುಗಳು. ಹೊರಗಿನ ಟ್ರೆಂಡುಗಳನ್ನು ಈ ಪಂಚಾಂಗಕ್ಕೆ ಹೊಂದಿಸಿಕೊಳ್ಳುವುದು ಹೇಗೆಂದು ಒಂದೊಂದಾಗಿ ನೋಡೋಣ.

ಮಳೆಗಾಲದಿಂದ ಶುರು ಮಾಡೋಣ. ಈಗಿನ ಟ್ರೆಂಡು ಅಗಲ ಕಾಲಿನ ಪ್ಯಾಂಟು, ಪಲಾಜೊ. ಸಿದ್ಧ ಪಲಾಜೊಗಳ ಉದ್ದ ಸಾಮಾನ್ಯವಾಗಿ 38ರಿಂದ 40 ಇಂಚು. ಐದಡಿಯವರಿಗೆ 35–36 ಇಂಚು ಸಾಕು. ಮಿಕ್ಕ ಮೂರು ನಾಲ್ಕು ಇಂಚು ಜುಲೈ ತಿಂಗಳಲ್ಲಿ ಬಸ್‌ಸ್ಟ್ಯಾಂಡಿನ ಕೆಂಪು ನೀರನ್ನೆಲ್ಲ ಹೀರಿಕೊಂಡು ಕಾಲಿಗೆ ಅಂಟುತ್ತದೆ. ನೇರವಾಗಿ ಇಳಿಯುವ ಅಗಲ ಪ್ಯಾಂಟಾದರೆ ಚಿಂತೆಯಿಲ್ಲ, ಅಡಿಯಿಂದ ಧಾರಾಳವಾಗಿ ಕತ್ತರಿಸಬಹುದು, ಆಕಾರ ಕೆಡುವುದಿಲ್ಲ. ಮೊಣಕಾಲಿನ ತನಕ ಬಿಗಿಯಾಗಿದ್ದು ಅಲ್ಲಿಂದ ಅರಳುವ ಬೆಲ್‌ಬಾಟಂ ಮಾತ್ರ ಹಾಗಲ್ಲ. ಅದರ ಅಡಿ ಕತ್ತರಿಸಿದರೆ ಅರಳಿದ ಭಾಗವೇ ಹೋಗುತ್ತದೆ, ಉಳಿಯುವುದು ಒಂದು ಸಡಿಲ ಪ್ಯಾಂಟು. ಮೊಣಕಾಲಿನ ತಿರುವು ನಿಮ್ಮ ಮೊಣಕಾಲಿಗಿಂತ ಕೆಳಗೆ ಬರುತ್ತದೆ ಎಂದಾದರೆ ಆ ಪ್ಯಾಂಟನ್ನು ಹ್ಯಾಂಗರಿಗೇ ಮರಳಿಸಿ.

ಅರ್ಧ ಕಾಲಿನ ಕ್ಯುಲಾಟ್ ಮಳೆಗೆ ಬಹಳ ಅನುಕೂಲ. ಆದರೆ ಅದು ಮೀನಖಂಡದ ದಪ್ಪ ಭಾಗದಲ್ಲಿ ನಿಂತರೆ ಕಾಲು ಅಲ್ಲಿಗೆ ತುಂಡಾದ ಹಾಗೆ ಕಾಣುತ್ತದೆ. ಮೊಣಕಾಲಿನಿಂದ ಸ್ವಲ್ಪ ಕೆಳಗೆ, ಇಲ್ಲವೇ ಕಾಲಗಂಟಿನಿಂದ ಎರಡಿಂಚು ಮೇಲೆ, ಕಾಲು ಸಪೂರ ಇರುವಲ್ಲಿ ಅದು ನಿಲ್ಲಲಿ. ಬಟ್ಟೆಯ ವಿಷಯದಲ್ಲಿ ಮಳೆಗಾಲಕ್ಕೆ ಜೀನ್ಸ್ ಬೇಡವೇ ಬೇಡ. ನಮ್ಮ ಜಗಲಿಯಲ್ಲಿ ಎರಡು ದಿನವಾದರೂ ಅದು ಒಣಗುವುದಿಲ್ಲ. ಕ್ರೇಪ್, ತೆಳು ರೇಯಾನ್ ಅದಕ್ಕಿಂತ ಬೇಗ ಒಣಗುತ್ತವೆ, ಮೈಮೇಲೆ ಉಬ್ಬದೆ ಬೀಳುತ್ತವೆ. ಗಿಡ್ಡಗಿರುವವರಿಗೆ ಬಟ್ಟೆಯ ಈ ಬೀಳು ಬಹಳ ಮುಖ್ಯ. ಬಿರುಸಾದ ಬಟ್ಟೆ ಮೈಯಿಂದ ದೂರ ನಿಂತು ಅಗಲ ಮಾಡುತ್ತದೆ, ಮೆತ್ತಗಿನದು ಮೈಗೆ ಹೊಂದಿಕೊಂಡು ಇಳಿಯುತ್ತದೆ.

ಇದೇ ಮಳೆಗಾಲದ ನಡುವೆ ಆಟಿ ತಿಂಗಳು ಬರುತ್ತದೆ, ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ. ಮದುವೆ ಮುಂಜಿ ಇಲ್ಲ. ಬಟ್ಟೆ ಅಂಗಡಿಗಳಲ್ಲಿ ರಿಯಾಯಿತಿ ಮಾರಾಟ. ಶಾಲೆಯ ಯೂನಿಫಾರ್ಮಿನ ಗಡಿಬಿಡಿ ಮುಗಿದು ಟೈಲರುಗಳ ಕೈ ಸ್ವಲ್ಪ ಖಾಲಿ. ನನ್ನನ್ನು ಕೇಳಿದರೆ ಗಿಡ್ಡಗಿರುವ ಹೆಂಗಸಿಗೆ ವರ್ಷದ ಅತ್ಯುತ್ತಮ ಖರೀದಿಯ ಕಾಲ ಇದು. ಏಕೆಂದರೆ ನಮಗೆ ಬಟ್ಟೆಯ ಬೆಲೆ ಎಂದರೆ ಅಂಗಡಿಯ ಚೀಟಿಯಲ್ಲಿರುವುದು ಮಾತ್ರ ಅಲ್ಲ, ಅದಕ್ಕೆ ಆಲ್ಟ್ರೇಶನ್ನಿನ ಖರ್ಚೂ ಸೇರಬೇಕು. ರಿಯಾಯಿತಿಯಲ್ಲಿ ಉಳಿದ ಹಣ ಆ ಕಡೆ ಹೋಗಲಿ. ಆಟಿ ಕಳೆದು ಸೋಣ ತಿಂಗಳು ಹುಟ್ಟಿದ ಮೇಲೆ ಅಷ್ಟಮಿ, ಚೌತಿ, ಸೆಪ್ಟೆಂಬರ್ 8ರಂದು ಕ್ಯಾಥೊಲಿಕರ ಮೊಂತಿ ಫೆಸ್ತ್, ಅದರ ಹಿಂದೆಯೇ ನವರಾತ್ರಿ. ಆಗ ಟೈಲರಣ್ಣನ ಹತ್ತಿರ ಹೋದರೆ “ದೀಪಾವಳಿ ಕಳೆದು ಬನ್ನಿ” ಎನ್ನುತ್ತಾರೆ.

ನವರಾತ್ರಿ ಎಂದಾಗ ಸೀರೆಯ ಮಾತು ಬಂತು. ಕುದ್ರೋಳಿಯ ದಸರಾ ನೋಡಲು ಹೋಗುವುದಿರಲಿ, ಬ್ಯಾಂಕು, ಶಾಲೆ, ಕಚೇರಿಗಳಲ್ಲಿ ಒಂಬತ್ತು ದಿನ ಒಂಬತ್ತು ಬಣ್ಣ ಉಡುವುದಿರಲಿ, ಈ ದಿನಗಳಲ್ಲಿ ಸೀರೆಯೇ ಫ್ಯಾಷನ್. ಸೀರೆ ಎಲ್ಲರಿಗೂ ಒಂದೇ ಅಳತೆಯದ್ದು, ಎಲ್ಲರಿಗೂ ಹೊಂದುತ್ತದೆ ಎಂಬ ಮಾತಿದೆ. ಉದ್ದದ ಮಟ್ಟಿಗೆ ಅದು ನಿಜ, ಅಗಲದ ಮಟ್ಟಿಗೆ ಅಲ್ಲ. ಸೀರೆಯ ಅಗಲ ಸುಮಾರು 46 ಇಂಚು ಎಂದಿಟ್ಟುಕೊಳ್ಳಿ. ಐದಡಿಯವಳ ಸೊಂಟದಿಂದ ನೆಲಕ್ಕೆ 36–37 ಇಂಚು. ಉಳಿದ ಒಂಬತ್ತು ಹತ್ತು ಇಂಚು ಎಲ್ಲಿಗೆ ಹೋಗಬೇಕು? ಲಂಗದ ಒಳಗೆ, ಸೊಂಟದ ಸುತ್ತ. ನೆರಿಗೆಯ ಹತ್ತಿರ ಎಂಟು ಮಡಿಕೆಯಾದರೆ ಅಷ್ಟೂ ಮಡಿಕೆಯ ಒಂಬತ್ತು ಇಂಚು ಹೊಟ್ಟೆಯ ಮೇಲೇ ಕೂರುತ್ತದೆ. ಸೀರೆ ಉಟ್ಟಾಗ ದಪ್ಪ ಕಾಣುತ್ತೇನೆ ಎಂದು ಬೇಸರಪಡುವವರ ಹೊಟ್ಟೆ ಎಷ್ಟೋ ಸಲ ಬರೀ ಬಟ್ಟೆ.

ಇದಕ್ಕೆ ಉಪಾಯ ಉಂಟು. ನೆರಿಗೆ ಎಂಟರ ಬದಲು ಐದೋ ಆರೋ ಸಾಕು. ಉಳಿದ ಉದ್ದವನ್ನು ಸೆರಗಿಗೆ ಬಿಡಿ, ಅದೂ ಮೊಣಕಾಲು ದಾಟದಿರಲಿ. ನೆರಿಗೆ ಸಿಕ್ಕಿಸುವಾಗ ಮೇಲಿನ ಹೆಚ್ಚಿನ ಭಾಗವನ್ನು ಉಂಡೆ ಮಾಡಿ ತುರುಕಬೇಡಿ, ಒಳಗೆ ಚಪ್ಪಟೆಯಾಗಿ ಕೆಳಕ್ಕೆ ಇಳಿಬಿಡಿ. ಘೇರು ತುಂಬಿದ ಹಳೆಯ ಲಂಗದ ಬದಲು ಮೈಗೆ ಹೊಂದುವ ಫಿಶ್‌ಕಟ್ ಲಂಗ ಹಾಕಿ. ಅಂಚಿನ ಅಗಲವನ್ನೂ ಲೆಕ್ಕ ಹಾಕಿ. ಹತ್ತು ಇಂಚಿನ ಜರಿ ಅಂಚು ಐದಡಿಯವಳ ಸೊಂಟದ ಕೆಳಗಿನ ಭಾಗದಲ್ಲಿ ಕಾಲುಪಾಲಿಗೂ ಹೆಚ್ಚು ಜಾಗ ನುಂಗುತ್ತದೆ. ಮೇಲಿನ ಬುಟ್ಟಾಗಳು ಲಂಗದೊಳಗೆ ಅಡಗಿ, ಹೊರಗೆ ಉಳಿಯುವುದು ಅಂಚೇ ಅಂಚು. ಎರಡು ಮೂರು ಇಂಚಿನ ಅಂಚಿದ್ದರೆ ಸೀರೆಯ ಒಡಲು ಕಾಣಿಸುತ್ತದೆ.

ಅಂಥ ಸೀರೆ ಹುಡುಕಲು ದೂರ ಹೋಗಬೇಕಾಗಿಲ್ಲ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿರುವ ನಮ್ಮ ಉಡುಪಿ ಸೀರೆ ಹತ್ತಿಯದು, ಹಗುರ, ಅಂಚು ಕಿರಿದು. ಒಂದು ಕಾಲದಲ್ಲಿ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಟೀಚರುಗಳ, ಮನೆವಾರ್ತೆಯ ಹೆಂಗಸರ ದಿನಬಳಕೆಯ ಸೀರೆ. ಮಗ್ಗಗಳು ಒಂದೊಂದಾಗಿ ನಿಲ್ಲುತ್ತ ಬಂದು, ಇನ್ನೇನು ಮುಗಿಯಿತು ಎನ್ನುವಾಗ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘವೂ ಕದಿಕೆ ಟ್ರಸ್ಟೂ ಸೇರಿ ಅದಕ್ಕೆ ಮತ್ತೆ ಜೀವ ಕೊಟ್ಟಿವೆ. ಈಗ ಕಾಲೇಜು ಹುಡುಗಿಯರೂ ಕೈಮಗ್ಗದ ಸೀರೆಗೆ ಶರ್ಟ್ ಕಾಲರಿನ ರವಕೆ ತೊಟ್ಟು ಉಡುತ್ತಿದ್ದಾರೆ. ಐದಡಿಯವರು ಆ ಟ್ರೆಂಡನ್ನು ಕಣ್ಣುಮುಚ್ಚಿ ಹಿಡಿಯಬಹುದು. ಒಂದೆರಡು ಸಲ ಒಗೆದು ಮೆತ್ತಗಾದ ಮೇಲಂತೂ ಆ ಸೀರೆ ಸೊಂಟದಲ್ಲಿ ಅಷ್ಟಾಗಿ ಉಬ್ಬುವುದಿಲ್ಲ.

ನವೆಂಬರ್, ಡಿಸೆಂಬರ್ ಬಂತೆಂದರೆ ಮದುವೆ, ಕ್ಯಾಥೊಲಿಕರ ಮದುವೆಗೆ ಮುಂಚಿನ ರೋಸ್, ಮೆಹಂದಿ, ಕ್ರಿಸ್ಮಸ್. ಲೆಹೆಂಗಾ ಮತ್ತು ಗೌನ್ ಈ ಕಾಲದ ಉಡುಪು. ಲೆಹೆಂಗಾ ಉದ್ದವಾದರೆ ಅಡಿ ಮುಟ್ಟಬೇಡಿ, ಹಣ ಕೊಟ್ಟದ್ದೇ ಅಡಿಯ ಕಸೂತಿಗೆ. ಸೊಂಟಪಟ್ಟಿ ಬಿಚ್ಚಿಸಿ ಮೇಲಿನಿಂದ ತೆಗೆಸಿ. ಕಲಿ ಎಂಬ ಪಟ್ಟಿಗಳನ್ನು ಜೋಡಿಸಿದ ಲೆಹೆಂಗಾ ಆದರೆ ಮೇಲಿಂದ ತೆಗೆದಾಗ ಸೊಂಟ ಅಗಲವಾಗುತ್ತದೆ, ಆಗ ಪ್ರತಿ ಕಲಿಯನ್ನೂ ಒಂದಿಷ್ಟು ಒಳಗೆ ಹಿಡಿಯಬೇಕು. ಟೈಲರಿಗೆ ಅದು ದಿನವಿಡೀ ಹಿಡಿಯುವ ಕೆಲಸ, ಮದುವೆಯ ಹಿಂದಿನ ಸಂಜೆ ತಂದುಕೊಟ್ಟು ಅವರ ಮೇಲೆ ಕೋಪಿಸಿಕೊಳ್ಳಬೇಡಿ. ಒಳಗಿನ ಕ್ಯಾನ್‌ಕ್ಯಾನ್ ಪದರಗಳು ಮೂರಿದ್ದರೆ ಒಂದನ್ನು ತೆಗೆಸಿಬಿಡಿ, ಲೆಹೆಂಗಾ ಅರಳಿಯೇ ಇರುತ್ತದೆ, ನೀವು ಬಾಗಿಲು ದಾಟುವಾಗ ಓರೆಯಾಗಬೇಕಾಗಿಲ್ಲ. ಗೌನಿನ ಸೊಂಟದ ಹೊಲಿಗೆ ನಿಜವಾದ ಸೊಂಟಕ್ಕಿಂತ ಅರ್ಧ ಇಂಚು ಮೇಲಿದ್ದರೂ ಚೆಂದ, ಒಂದು ಇಂಚು ಕೆಳಗಿದ್ದರೆ ಮಾತ್ರ ಇಡೀ ಗೌನು ಜೋತಂತೆ ಕಾಣುತ್ತದೆ.

ಉತ್ತರದ ಊರುಗಳಲ್ಲಿ ಚಳಿಗಾಲದ ಫ್ಯಾಷನ್ ಎಂದರೆ ಪದರದ ಮೇಲೆ ಪದರ. ನಮ್ಮ ಡಿಸೆಂಬರಿನ ರಾತ್ರಿಗೆ ಅಷ್ಟೆಲ್ಲ ಬೇಡ. ಎಸಿ ಕಚೇರಿಗೋ ಬಯಲಾಟದ ರಾತ್ರಿಗೋ ಒಂದು ಜಾಕೆಟ್ ಸಾಕು, ಅದು ಸೊಂಟಕ್ಕೇ ನಿಲ್ಲುವ ಗಿಡ್ಡ ಜಾಕೆಟ್ ಆಗಿರಲಿ. ಮಂಡಿಯ ತನಕ ಇಳಿಯುವ ಶ್ರಗ್, ಅದರೊಳಗೆ ಉದ್ದದ ಕುರ್ತಿ, ಅದರ ಕೆಳಗೆ ಪಲಾಜೊ ಎಂದು ಮೂರು ಕಡೆ ಮೂರು ಅಡ್ಡಗೆರೆ ಬಿದ್ದರೆ ಐದಡಿಯ ಮೈಯಲ್ಲಿ ಮನುಷ್ಯರಿಗೆ ಜಾಗ ಉಳಿಯುವುದಿಲ್ಲ.

ಮಾರ್ಚ್‌ನಿಂದ ಮೇ ತನಕದ ಸೆಖೆಗೆ ಈಗ ಓವರ್‌ಸೈಜ್ ಶರ್ಟು, ಒಂದೇ ಬಟ್ಟೆಯಲ್ಲಿ ಮೇಲೆ ಕೆಳಗೆ ಹೊಲಿದ ಕೋ–ಆರ್ಡ್ ಸೆಟ್ಟು ಬಂದಿವೆ. ಕೋ–ಆರ್ಡ್ ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಮೇಲೆ ಕೆಳಗೆ ಒಂದೇ ಬಣ್ಣವಾದ್ದರಿಂದ ನಡುವೆ ಗೆರೆ ಬೀಳುವುದಿಲ್ಲ. ಓವರ್‌ಸೈಜ್ ಶರ್ಟನ್ನು ಗಂಡಸರ ವಿಭಾಗದಿಂದ ಎತ್ತಿ ತರುವವರಿದ್ದಾರೆ. ಹೆಗಲ ಹೊಲಿಗೆ ತೋಳಿನ ಅರ್ಧಕ್ಕೆ ಇಳಿದರೆ ಸಡಿಲ ಎನಿಸುವುದಿಲ್ಲ, ಸಾಲ ತಂದದ್ದು ಎನಿಸುತ್ತದೆ. ಹೆಗಲು ಒಂದೆರಡು ಇಂಚು ಮಾತ್ರ ಇಳಿದಿರಲಿ, ಮೈಯಲ್ಲಿ ಬೇಕಾದಷ್ಟು ಸಡಿಲ ಇರಲಿ, ತೋಳು ಮೊಣಕೈ ತನಕ ಮಡಚಿರಲಿ.

ಕೊನೆಯದಾಗಿ ಒಂದು ಮಾತು. ಗಿಡ್ಡಗಿರುವವರೆಲ್ಲ ಒಂದೇ ಥರ ಇರುವುದಿಲ್ಲ. ಕೆಲವರದು ಸೊಂಟದ ಮೇಲಿನ ಮೈ ಗಿಡ್ಡ, ಕೆಲವರದು ಕಾಲು ಗಿಡ್ಡ. ಮೇಲಿನ ಮೈ ಗಿಡ್ಡ ಇರುವವರಿಗೆ ಈಗಿನ ಹೈ–ವೇಸ್ಟ್ ಪ್ಯಾಂಟು ಎದೆಯ ತನಕ ಬಂದು ಉಸಿರು ಕಟ್ಟಿಸುತ್ತದೆ. ಕಾಲು ಗಿಡ್ಡ ಇರುವವರಿಗೆ ಅದೇ ಪ್ಯಾಂಟು ಒಪ್ಪುತ್ತದೆ. ಆದ್ದರಿಂದ ಮನೆಯಲ್ಲಿ ಒಂದು ಟೇಪು ಹಿಡಿದು ನಾಲ್ಕು ಅಳತೆ ತೆಗೆದು ಬರೆದಿಟ್ಟುಕೊಳ್ಳಿ: ಹೆಗಲಿನಿಂದ ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ, ಸೊಂಟದಿಂದ ಕಾಲಗಂಟಿಗೆ, ಹೆಗಲ ತುದಿಯಿಂದ ಮಣಿಕಟ್ಟಿಗೆ. ಫೋನಿನಲ್ಲಿ ಸೇವ್ ಮಾಡಿದರೂ ಆಯಿತು. ಆನ್‌ಲೈನಿನಲ್ಲಿ ತರಿಸುವಾಗ ರೂಪದರ್ಶಿಯ ಚಿತ್ರ ನೋಡುವ ಮೊದಲು ಉಡುಪಿನ ಉದ್ದ ಎಷ್ಟು ಇಂಚು ಎಂದು ನೋಡಿ. ಅಂಗಡಿಗೆ ಹೋದಾಗ ಎಸ್ ಉಂಟಾ, ಎಂ ಉಂಟಾ ಎಂದು ಮಾತ್ರ ಕೇಳಬೇಡಿ, ಉದ್ದ ಎಷ್ಟು ಉಂಟು ಎಂದೂ ಕೇಳಿ. ಕೌಂಟರಿನ ಹುಡುಗಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ದಿನಕ್ಕೆ ಇಪ್ಪತ್ತು ಮಂದಿ ಇದೇ ಪ್ರಶ್ನೆ ಕೇಳಿದರೆ ಅವಳು ಮ್ಯಾನೇಜರನ್ನು ಕೇಳುತ್ತಾಳೆ, ಮ್ಯಾನೇಜರು ಮಾಲು ಕಳಿಸುವವರನ್ನು ಕೇಳುತ್ತಾರೆ. ಈ ಊರಿನಲ್ಲಿ ಬಟ್ಟೆ ಕೊಳ್ಳುವವರಲ್ಲಿ ಹೆಚ್ಚಿನವರು ಐದಡಿಯ ಆಚೀಚೆಯವರೇ ಎಂಬುದು ವ್ಯಾಪಾರಿಗಳಿಗೆ ಒಮ್ಮೆ ಲೆಕ್ಕಕ್ಕೆ ಸಿಕ್ಕಿದರೆ, ಆ ಅಳತೆಯ ಬಟ್ಟೆ ತಾನಾಗಿ ಹ್ಯಾಂಗರಿಗೆ ಬರುತ್ತದೆ. ಅದು ಬರುವ ತನಕ ಓಣಿಯ ಟೈಲರಣ್ಣನನ್ನು ಬಿಡಬೇಡಿ.